ಪಿಕಪ್‌ನ ಮುಂದಿನ ಚಕ್ರದ ಬೇರಿಂಗ್ ಪದೇ ಪದೇ ಹೋಗುತ್ತಿದ್ದರೆ: ಲಕ್ಷಣ ನೋಡಿ ದೋಷ ಹಿಡಿಯುವ ಬಗೆ

ಮುಂದಿನ ಚಕ್ರ ಕೂಗಿತೆಂದರೆ ಹೊಸ ಬೇರಿಂಗ್ ತಂದು ಹಾಕಿಸಿ, ಹಳೆಯದನ್ನು ಗುಜರಿ ಡಬ್ಬಕ್ಕೆ ಎಸೆದು ಲೋಡಿಗೆ ಹೊರಡುವುದು ನಮ್ಮ ಕಡೆ ರೂಢಿ. ಮೂರು ತಿಂಗಳಿಗೆ ಅದೇ ಚಕ್ರ ಮತ್ತೆ ಕೂಗಿದಾಗ ಬೈಗುಳವೆಲ್ಲ ಬೇರಿಂಗ್ ಕಂಪನಿಗೆ. ಸರಿಯಾಗಿ ಕೂತು ಗ್ರೀಸ್ ಸಿಕ್ಕಿದ ಬೇರಿಂಗ್ ಲಕ್ಷ ಕಿಲೋಮೀಟರ್ ದಾಟುವುದು ದೊಡ್ಡ ಮಾತಲ್ಲ. ಅದು ಎಂಟು ಹತ್ತು ಸಾವಿರಕ್ಕೇ ಸೋತರೆ, ಅದು ಕೂತ ಜಾಗದಲ್ಲೋ ಅದನ್ನು ಕೂರಿಸಿದ ಕೈಯಲ್ಲೋ ತಪ್ಪಿದೆ ಎಂದೇ ನಾನು ಮೊದಲು ಹಿಡಿಯುತ್ತೇನೆ. ಆ ತಪ್ಪು ಸಿಗುವವರೆಗೆ ಎಷ್ಟು ಬೇರಿಂಗ್ ತಂದರೂ ಹಣ ಹಾಳು.

ಸಾಗರ, ಹೊಸನಗರದ ಕಡೆ ಶುಂಠಿ, ಅಡಿಕೆ, ಗೊಬ್ಬರ ಹೊರುವ ಪಿಕಪ್‌ಗಳನ್ನು ನೋಡಿ ಕಲಿತದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇವುಗಳಲ್ಲಿ ಹೆಚ್ಚಿನವು ಹಿಂದಿನ ಚಕ್ರಕ್ಕೆ ಮಾತ್ರ ಎಳೆತ ಇರುವ ಗಾಡಿಗಳು. ಮುಂದಿನ ಹಬ್‌ನೊಳಗೆ, ಅಂದರೆ ಚಕ್ರದ ನಡುಗುಂಬದೊಳಗೆ, ಒಳಗೊಂದು ಹೊರಗೊಂದು ಟೇಪರ್ ರೋಲರ್ ಬೇರಿಂಗ್, ಹಿಂದುಗಡೆ ಆಯಿಲ್ ಸೀಲ್, ಮುಂದುಗಡೆ ನಟ್ಟು, ಅದಕ್ಕೆ ಸ್ಪ್ಲಿಟ್ ಪಿನ್ ಅಥವಾ ಲಾಕ್ ವಾಷರ್, ಮೇಲೊಂದು ಗ್ರೀಸ್ ಕ್ಯಾಪ್. ಓರೆ ರೋಲರಿನ ಈ ಬೇರಿಂಗಿಗೆ ಅಮೆರಿಕದಲ್ಲಿ ಸಾರೋಟು ಕಟ್ಟುತ್ತಿದ್ದ ಹೆನ್ರಿ ಟಿಮ್‌ಕೆನ್ 1898ರಲ್ಲಿ ಪೇಟೆಂಟ್ ಪಡೆದ. ತಿರುವಿನಲ್ಲಿ ಚಕ್ರದ ಮೇಲೆ ಅಡ್ಡಡ್ಡ ಬೀಳುವ ಒತ್ತಡವನ್ನೂ ಮೇಲಿನಿಂದ ಬರುವ ಭಾರವನ್ನೂ ಇದು ಒಟ್ಟಿಗೆ ಹೊರುತ್ತದೆ. ಆದರೆ ನಟ್ಟನ್ನು ಎಷ್ಟು ಬಿಗಿಯಬೇಕೆಂಬುದು ಮೆಕ್ಯಾನಿಕ್ ಕೈಗೆ ಬಿಟ್ಟ ವಿಷಯ. ಬೇಗ ಹೋಗುವ ಬೇರಿಂಗ್‌ಗಳ ಕಥೆ ಬಹಳ ಸಲ ಶುರುವಾಗುವುದು ಅಲ್ಲಿಂದಲೇ. ಹಬ್ಬೂ ಬೇರಿಂಗೂ ಒಂದೇ ತುಂಡಾಗಿರುವ ಗಾಡಿಗಳ ಮಾತು ಕೊನೆಯಲ್ಲಿದೆ.

ಕೈ ಹಾಕುವ ಮೊದಲು

ಗಟ್ಟಿಯಾದ ಸಮನೆಲ, ಹ್ಯಾಂಡ್‌ಬ್ರೇಕ್, ಹಿಂದಿನ ಚಕ್ರದ ಎರಡೂ ಕಡೆ ಕಲ್ಲು ಅಥವಾ ಮರದ ತುಂಡು. ಲೋಡ್ ಇಳಿಸಿಯೇ ಜಾಕ್ ಕೊಡಿ. ಚಕ್ರ ಎದ್ದ ಮೇಲೆ ಚಾಸಿ ಕೆಳಗೆ ಸ್ಟ್ಯಾಂಡ್ ಕೊಡದೆ ಕೈ ಹಾಕಬೇಡಿ. ಬರೀ ಜಾಕ್ ನಂಬಿ ಚಕ್ರ ಅಲ್ಲಾಡಿಸುವುದು ಜೀವಕ್ಕೆ ಅಪಾಯ. ಚಕ್ರವನ್ನು ಜೋರಾಗಿ ಎಳೆದು ದೂಡಿ ನೋಡುವ ಪರೀಕ್ಷೆ ಇದು, ಹಾಗೆ ಎಳೆಯುವಾಗಲೇ ಜಾಕ್ ಜಾರುವುದು.

ವೇಗ ಏರಿದಂತೆ ಏರುವ ಗುಂಯ್ ಸದ್ದು

ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಖಾಲಿ ಗಾಡಿಯನ್ನು ನುಣುಪಾದ ರಸ್ತೆಯಲ್ಲಿ ನಲವತ್ತು ಐವತ್ತರ ವೇಗಕ್ಕೆ ತಂದು ಕ್ಲಚ್ ಒತ್ತಿ. ಎಂಜಿನ್ ಸದ್ದು ಇಳಿದರೂ ಗುಂಯ್ ಇಳಿಯದಿದ್ದರೆ ಅದು ಚಕ್ರದ ಜೊತೆ ತಿರುಗುವ ಯಾವುದೋ ಒಂದರದ್ದು. ಆಕ್ಸಿಲರೇಟರ್ ಕೊಟ್ಟಾಗ ಒಂದು ರಾಗ, ಬಿಟ್ಟಾಗ ಇನ್ನೊಂದು ರಾಗ ಬಂದರೆ ಹಿಂದಿನ ಡಿಫರೆನ್ಷಿಯಲ್ ಕಡೆ ನೋಡಿ. ಡಾಂಬರಿನಿಂದ ಕಾಂಕ್ರೀಟಿಗೆ ಹತ್ತಿದ ಕೂಡಲೇ ಸದ್ದಿನ ಗುಣವೇ ಬದಲಾದರೆ ಟಯರು. ಟಯರ್ ಮೇಲೆ ಅಂಗೈ ಸವರಿ: ಒಂದು ದಿಕ್ಕಿಗೆ ನುಣುಪು, ಇನ್ನೊಂದು ದಿಕ್ಕಿಗೆ ಗರಗಸದ ಹಲ್ಲಿನಂತೆ ತಾಕಿದರೆ, ಬೇರಿಂಗ್ ಬಿಚ್ಚುವ ಮೊದಲು ಮುಂದಿನ ಟಯರ್ ಹಿಂದಕ್ಕೆ ಹಾಕಿ ಓಡಿಸಿ ನೋಡಿ. ಸದ್ದೂ ಹಿಂದಕ್ಕೆ ಹೋದರೆ ಬೇರಿಂಗಿನ ಖರ್ಚು ಉಳಿಯಿತು.

ಯಾವ ಕಡೆಯದೆಂದು ತಿಳಿಯಲು, ಎದುರು ಹಿಂದೆ ಯಾರೂ ಇಲ್ಲದ ಅಗಲ ರಸ್ತೆಯಲ್ಲಿ ಸ್ಟೀರಿಂಗನ್ನು ಮೆಲ್ಲಗೆ ಎಡಕ್ಕೆ ಬಲಕ್ಕೆ ತೂಗಿ. ಬಲಕ್ಕೆ ತಿರುಗಿಸಿದಾಗ ಗಾಡಿಯ ಭಾರ ಎಡಕ್ಕೆ ವಾಲುತ್ತದೆ. ಆಗ ಸದ್ದು ಜೋರಾದರೆ ಸಾಮಾನ್ಯವಾಗಿ ಎಡದ ಬೇರಿಂಗ್ ಹೋಗಿದೆ. ಲೋಡ್ ಗಾಡಿಯಲ್ಲಿ, ಘಾಟಿಯಲ್ಲಿ ಈ ಆಟ ಬೇಡ. ಪಿಕಪ್‌ನ ಚಾಸಿ ಸದ್ದನ್ನು ಉದ್ದಕ್ಕೂ ಸಾಗಿಸುತ್ತದೆ, ಹಿಂದಿನ ಬೇರಿಂಗ್ ಕೂಗಿದರೂ ಕ್ಯಾಬಿನ್ನಿನಲ್ಲಿ ಮುಂದಿನದೇ ಅನ್ನಿಸುತ್ತದೆ. ಅದಕ್ಕೇ ಕಿವಿಯೊಂದನ್ನೇ ನಂಬಿ ಬಿಚ್ಚಬಾರದು.

ಚಕ್ರ ಎತ್ತಿ ಒಂದು ಕೈಯಲ್ಲಿ ತಿರುಗಿಸುತ್ತಾ ಇನ್ನೊಂದು ಕೈಯ ಬೆರಳನ್ನು ಸಸ್ಪೆನ್ಷನ್ ಆರ್ಮ್ ಮೇಲೆ, ಚಕ್ರಕ್ಕೆ ಸಿಗದ ಹಾಗೆ ಇಡಿ. ಬೇರಿಂಗ್ ಕೆಟ್ಟಿದ್ದರೆ ಮರಳಿನ ಮೇಲೆ ಬಾಟಲಿ ಉರುಳಿಸಿದ ಹಾಗೆ ಸಣ್ಣ ಗೊರಗೊರ ಬೆರಳಿಗೆ ತಾಗುತ್ತದೆ. ಸುತ್ತಿಗೊಮ್ಮೆ ಒಂದೇ ಜಾಗದಲ್ಲಿ ಶೂ ಎಂದು ಉಜ್ಜಿದರೆ ಅದು ಡಿಸ್ಕ್ ಪ್ಯಾಡಿಗೆ ತಾಗುವ ಸದ್ದು, ಅದಕ್ಕೆ ಹೆದರಬೇಕಿಲ್ಲ.

ಚಕ್ರದಲ್ಲಿ ಆಟ, ಸ್ಟೀರಿಂಗಿನಲ್ಲಿ ಅಲೆದಾಟ

ಎತ್ತಿದ ಚಕ್ರವನ್ನು ಗಡಿಯಾರದ 12 ಮತ್ತು 6ರ ಜಾಗದಲ್ಲಿ ಹಿಡಿದು ಒಳಕ್ಕೆ ಹೊರಕ್ಕೆ ಅಲ್ಲಾಡಿಸಿ. ಆಮೇಲೆ 9 ಮತ್ತು 3ರಲ್ಲಿ. 9–3ರಲ್ಲಿ ಮಾತ್ರ ಆಟ, ಅಂದರೆ ಸಡಿಲ ಅಲುಗಾಟ, ಇದ್ದರೆ ಟೈ ರಾಡ್ ಎಂಡ್, ಸ್ಟೀರಿಂಗ್ ಜೋಡಣೆ ನೋಡಿ. 12–6ರಲ್ಲಿ ಕಟಕಟ ಎಂದರೆ ಬೇರಿಂಗ್ ಇರಬಹುದು, ಬಾಲ್ ಜಾಯಿಂಟ್ ಕೂಡ ಇರಬಹುದು. ಎರಡನ್ನೂ ಬೇರೆ ಮಾಡಲು ಒಬ್ಬರಿಗೆ ಕ್ಯಾಬಿನ್ನಿನಲ್ಲಿ ಕೂತು ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲ್ಲಾಡಿಸಿ. ಬ್ರೇಕ್ ಒತ್ತಿದಾಗ ಡಿಸ್ಕೂ ಅದನ್ನು ಪ್ಯಾಡಿನಿಂದ ಅದುಮುವ ಕ್ಯಾಲಿಪರೂ ಒಂದಾಗಿ, ಹಬ್ ತನ್ನನ್ನು ಹೊತ್ತ ನಕಲ್ (knuckle) ಎಂಬ ಭಾಗಕ್ಕೆ ಕಟ್ಟಿಹಾಕಿದಂತಾಗುತ್ತದೆ. ಆಗ ಆಟ ಮಾಯವಾದರೆ ಬೇರಿಂಗ್. ಬ್ರೇಕ್ ಹಿಡಿದರೂ ಆಟ ಹಾಗೇ ಉಳಿದರೆ ಬಾಲ್ ಜಾಯಿಂಟ್ ಅಥವಾ ಬುಷ್.

ಈ ಒಂದು ಪರೀಕ್ಷೆ ಮಾಡದೆ ಬೇರಿಂಗ್ ಬದಲಿಸಿಕೊಂಡು ಬಂದ ಗಾಡಿಗಳನ್ನು ನೋಡಿದಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ. ದುಡಿಯುವ ಗಾಡಿಯ ಒಂದು ದಿನ ಹೋಯಿತು, ಸವೆದ ಬಾಲ್ ಜಾಯಿಂಟ್ ಹಾಗೇ ರಸ್ತೆಗೆ ಇಳಿಯಿತು.

ಟೇಪರ್ ಬೇರಿಂಗಿನಲ್ಲಿ ಕೂದಲೆಳೆಯಷ್ಟು ಆಟ ದೋಷವಲ್ಲ. ಕೈಗೆ ಸ್ಪಷ್ಟವಾಗಿ ಸಿಕ್ಕರೆ ಗ್ರೀಸ್ ಕ್ಯಾಪ್ ತೆಗೆದು ನೋಡಿ. ಗ್ರೀಸ್ ಬೆಣ್ಣೆಯ ಹಾಗಿದ್ದು, ಚಕ್ರ ಗೊರಗೊರ ಇಲ್ಲದೆ ತಿರುಗಿದರೆ ಹೊಂದಾಣಿಕೆ ಮಾಡಿದರೆ ಸಾಕಾಗಬಹುದು. ಗ್ರೀಸಿನಲ್ಲಿ ಬೆಳ್ಳಿಪುಡಿಯ ಹೊಳಪು ಕಂಡರೆ ಲೋಹ ಉದುರುತ್ತಿದೆ, ಹೊಂದಾಣಿಕೆ ಮಾಡಿ ಉಪಯೋಗವಿಲ್ಲ. ಹಾಲು ಹಾಕಿದ ಚಹಾ ಬಣ್ಣಕ್ಕೆ ತಿರುಗಿದ್ದರೆ ನೀರು ಒಳಗೆ ಹೋಗಿದೆ.

ಒಂದು ಕಡೆಯ ಹಬ್ ಮಾತ್ರ ಕಾದಿದೆ

ಹತ್ತು ಹದಿನೈದು ಕಿಲೋಮೀಟರ್ ಆದಷ್ಟು ಕಡಿಮೆ ಬ್ರೇಕ್ ಬಳಸಿ ಓಡಿಸಿ ನಿಲ್ಲಿಸಿ, ಎರಡೂ ಹಬ್‌ಗಳ ಹತ್ತಿರ ಅಂಗೈಯ ಹಿಂಬದಿ ಹಿಡಿಯಿರಿ. ಮುಟ್ಟಬೇಡಿ. ಎರಡೂ ಬೆಚ್ಚಗಿದ್ದರೆ ಸಹಜ. ಒಂದೇ ಕಡೆ ಉರಿ ಬಡಿದರೆ ಮೊದಲು ಬ್ರೇಕಿನ ಮೇಲೆ ಅನುಮಾನ ಪಡಿ. ಕ್ಯಾಲಿಪರ್ ಪಿನ್ ತುಕ್ಕು ಹಿಡಿದು ಸಿಕ್ಕಿಕೊಳ್ಳುವುದು, ಒಳಗೆ ಊದಿದ ಬ್ರೇಕ್ ಹೋಸ್ ಆಯಿಲ್ ವಾಪಸ್ ಬಿಡದಿರುವುದು ಮಳೆ ಸೀಮೆಯಲ್ಲಿ ಬಹಳ. ತಣಿದ ಮೇಲೆ ಚಕ್ರ ಎತ್ತಿ ತಿರುಗಿಸಿ, ಬಿಗಿ ಇದ್ದರೆ ಪ್ಯಾಡ್ ತೆಗೆದು ಮತ್ತೆ ತಿರುಗಿಸಿ. ಈಗ ಸಲೀಸಾದರೆ ಬ್ರೇಕಿನ ದೋಷ. ಪ್ಯಾಡ್ ಇಲ್ಲದೆಯೂ ಹಬ್ ಭಾರವಾಗಿ ತಿರುಗಿದರೆ ನಟ್ಟು ಅತಿಯಾಗಿ ಬಿಗಿದಿದೆ, ಇಲ್ಲವೇ ಗ್ರೀಸ್ ಸತ್ತಿದೆ.

ಬ್ರೇಕ್ ಬಿಸಿಯೂ ಬೇರಿಂಗನ್ನು ಕೊಲ್ಲುತ್ತದೆ. ಡಿಸ್ಕಿನ ಕಾವು ಹಬ್ಬಿಗೆ ಇಳಿದು ಗ್ರೀಸ್ ನೀರಾಗಿ ಸೀಲ್ ದಾಟುತ್ತದೆ. ಕ್ಯಾಲಿಪರ್ ಸರಿಮಾಡದೆ ಬೇರಿಂಗ್ ಬದಲಿಸಿದರೆ ಅದೇ ಕಥೆ ಮತ್ತೆ.

ಬ್ರೇಕ್ ಪೆಡಲ್ ಒಮ್ಮೊಮ್ಮೆ ಆಳಕ್ಕೆ ಹೋಗುತ್ತದೆ, ಎಬಿಎಸ್ ದೀಪ ಹತ್ತುತ್ತದೆ

ತಿರುವು ದಾಟಿದ ಮೇಲೆ ಮೊದಲ ಸಲ ಒತ್ತಿದಾಗ ಪೆಡಲ್ ಆಳಕ್ಕೆ ಹೋಗಿ, ಎರಡನೇ ಸಲಕ್ಕೆ ಸರಿಯಾದರೆ ಚಕ್ರದ ಆಟ ನೋಡಿ. ಸಡಿಲ ಬೇರಿಂಗಿನಲ್ಲಿ ಡಿಸ್ಕ್ ವಾಲಿ ಪ್ಯಾಡನ್ನೂ ಪಿಸ್ಟನ್ನನ್ನೂ ಹಿಂದಕ್ಕೆ ತಳ್ಳಿರುತ್ತದೆ. ಚಕ್ರದ ವೇಗದ ಸೆನ್ಸರ್ ಹಬ್ಬಿನ ಬಳಿ ಇರುವ ಗಾಡಿಗಳಲ್ಲಿ ಅದೇ ವಾಲಾಟ ಸೆನ್ಸರ್ ಅಂತರ ಬದಲಿಸಿ ಎಬಿಎಸ್ ದೀಪ ಹತ್ತಿಸಬಹುದು. ಆಟ ಇಲ್ಲದಿದ್ದರೆ ಬ್ರೇಕ್ ಆಯಿಲ್, ಮಾಸ್ಟರ್ ಸಿಲಿಂಡರ್ ನೋಡಿಸಿ. ಎರಡರಲ್ಲಿ ಯಾವುದಾದರೂ ಗಾಡಿ ನಿಲ್ಲಿಸಿಯೇ ನೋಡಬೇಕಾದ್ದು.

ಚಕ್ರದ ಒಳಮೈಯಲ್ಲಿ ಗ್ರೀಸ್ ಎರಚಿದೆ

ಹಿಂದಿನ ಸೀಲ್ ಹರಿದಿದೆ. ಗ್ರೀಸ್ ಹೊರಗೆ ಬರುವ ದಾರಿಯಲ್ಲೇ ನೀರೂ ಮಣ್ಣೂ ಒಳಗೆ ಹೋಗುತ್ತವೆ. ಓಡಿ ಕಾದ ಹಬ್ಬನ್ನು ತಕ್ಷಣ ಹಳ್ಳದ ನೀರಿಗೆ ಇಳಿಸಿದರೆ ಒಳಗಿನ ಗಾಳಿ ತಣಿದು ಕುಗ್ಗುತ್ತದೆ, ಸೀಲ್ ತುಸು ಸಡಿಲವಿದ್ದರೂ ನೀರನ್ನು ಒಳಕ್ಕೆ ಹೀರುತ್ತದೆ. ವಾಟರ್ ಸರ್ವಿಸಿನಲ್ಲಿ ಪೈಪನ್ನು ನೇರ ಹಬ್ಬಿನ ಹಿಂದಕ್ಕೆ ಹಿಡಿಯುವುದೂ ಅಷ್ಟೇ ಕೆಟ್ಟದ್ದು. ಶುಂಠಿ ಗದ್ದೆಯಿಂದ ಬಂದ ಗಾಡಿಯ ಕೆಸರನ್ನು ಅಲ್ಲಿ ಮಾತ್ರ ಕೈಯಿಂದ ತೆಗೆಯಿರಿ.

ಹೊಸ ಸೀಲ್ ಹಾಕಿದರೂ ಸೋರಿದರೆ ಸ್ಟಬ್ ಆಕ್ಸಲ್ (ಹಬ್ ಕೂರುವ ಮೋಟು ದಂಡ) ಮೇಲೆ ಸೀಲ್ ತುಟಿ ಕೂರುವ ಜಾಗಕ್ಕೆ ಉಗುರು ಓಡಿಸಿ. ಉಗುರು ಸಿಕ್ಕಿಕೊಳ್ಳುವ ಗೆರೆ ಬಿದ್ದಿದ್ದರೆ ಆ ಸೀಲ್ ಬಹಳ ದಿನ ತಡೆಯದು. ಪ್ಯಾಡಿಗೆ ಗ್ರೀಸ್ ತಾಗಿದ್ದರೆ ಪ್ಯಾಡ್ ಬದಲಿಸಲೇಬೇಕು, ಉಜ್ಜಿ ಒರೆಸಿ ಹಾಕಬೇಡಿ.

ಹೊಸದು ಹಾಕಿ ಮೂರು ತಿಂಗಳಿಗೇ ಮತ್ತೆ ಸದ್ದು

ನಾನು ಇಷ್ಟೆಲ್ಲ ಬರೆಯಲು ಕೂತದ್ದೇ ಇದಕ್ಕಾಗಿ. ಒಂದು ಶುಂಠಿ ಸೀಸನ್ನಿನಲ್ಲಿ ಹುಡುಗನೊಬ್ಬ ಗಾಡಿ ತಂದ. ಎಡ ಮುಂದಿನ ಚಕ್ರಕ್ಕೆ ಎಂಟು ತಿಂಗಳಲ್ಲಿ ಮೂರನೇ ಬೇರಿಂಗ್. "ಅಣ್ಣಾ, ಈ ಸಲ ಕಾಸು ನೋಡ್ದೆ ಒಳ್ಳೇದೇ ಹಾಕ್ಸಿದೀನಿ, ಆದ್ರೂ ಕೂಗ್ತಿದೆ" ಅಂದ. ಹಬ್ ಬಿಚ್ಚಿ ಮಗುಚಿದೆ. ಸುತ್ತಿಗೆಯಿಂದ ಹೊಡೆದು ಹೊರಡಿಸಬೇಕಾದ ಒಳಗಿನ ಬೇರಿಂಗಿನ ಕಪ್, ಅಂದರೆ ಹಬ್ಬಿಗೆ ಬಿಗಿಯಾಗಿ ಕೂರುವ ಹೊರ ಉಂಗುರ, ತಾನಾಗಿ ಜಾರಿ ನನ್ನ ಅಂಗೈಗೆ ಬಿತ್ತು. ಕಪ್ಪಿನ ಹೊರಮೈ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಹಬ್ಬಿನೊಳಗೆ ಬೆರಳು ಹಾಕಿದರೆ ಸುತ್ತಲೂ ರಾಗಿ ಕಾಳಿನಂಥ ಗಂಟುಗಳು. ಯಾರೋ ಸೆಂಟರ್ ಪಂಚ್ ಹೊಡೆದು ಹೊಡೆದು ಸಡಿಲ ಜಾಗವನ್ನು ಬಿಗಿ ಮಾಡಿದ್ದರು. ಆ ಗಂಟುಗಳು ಒಂದೆರಡು ಸಾವಿರ ಕಿಲೋಮೀಟರಿಗೆ ಸವೆದು, ಕಪ್ ಹಬ್ಬಿನೊಳಗೇ ತಿರುಗತೊಡಗಿತ್ತು. ಬೇರಿಂಗಿನದು ಏನೂ ತಪ್ಪಿರಲಿಲ್ಲ. ಹಬ್ ಬದಲಿಸಿದೆವು, ಆ ಚಕ್ರ ಮುಂದಿನ ಮಳೆಗಾಲವನ್ನೂ ಸದ್ದಿಲ್ಲದೆ ದಾಟಿತು.

ಹಾಗಾಗಿ ಹಳೆಯ ಬೇರಿಂಗನ್ನು ಎಸೆಯುವ ಮೊದಲು ಸೀಮೆಎಣ್ಣೆಯಲ್ಲಿ ತೊಳೆದು ಬಿಸಿಲಿನಲ್ಲಿ ಹಿಡಿದು ನೋಡಿ. ಏನಾಯಿತೆಂದು ಅದೇ ಹೇಳುತ್ತದೆ.

ರೋಲರ್ ಮತ್ತು ಕಪ್ ಮೇಲೆ ಕಪ್ಪು ಕಲೆ, ತುಕ್ಕಿನ ಚುಕ್ಕೆ, ಅದೂ ರೋಲರುಗಳಷ್ಟೇ ಅಂತರದಲ್ಲಿ ಇದ್ದರೆ ನೀರು. ಗಾಡಿ ನಿಂತಾಗ ರೋಲರ್ ತಾಗಿದ ಜಾಗದಲ್ಲಿ ನೀರು ಕೂತು ಕಚ್ಚಿದೆ. ಕಲೆ ಇಲ್ಲದೆ ಅದೇ ಅಂತರದಲ್ಲಿ ತಗ್ಗು ಬಿದ್ದಿದ್ದರೆ ಹೊಡೆತ: ದೊಡ್ಡ ಗುಂಡಿಗೆ ಬಿದ್ದದ್ದು, ಇಲ್ಲವೇ ಹಾಕುವಾಗ ಬೇರಿಂಗಿನ ಮೇಲೆಯೇ ಸುತ್ತಿಗೆ ಬಿದ್ದದ್ದು. ನೀಲಿ ಅಥವಾ ಕಂದು ಬಣ್ಣ ಬಂದಿದ್ದರೆ ಸುಟ್ಟಿದೆ, ಬಿಗಿ ಹೆಚ್ಚಾಗಿದೆ ಅಥವಾ ಗ್ರೀಸ್ ಇಲ್ಲ. ರೋಲರಿನ ದಪ್ಪ ತುದಿ ಗೀರಿ ಸವೆದಿದ್ದರೂ ಇದೇ ಕಾರಣ. ಕಪ್ಪಿನ ಒಂದು ಕಡೆ ಮಾತ್ರ ಓಟದ ಗುರುತು ಅಗಲ, ಎದುರು ಕಡೆ ಸಣ್ಣದು ಎಂದರೆ ಕಪ್ ಓರೆಯಾಗಿ ಕೂತಿದೆ. ಕಪ್ಪಿನ ತಳದಲ್ಲಿ ಕಸ ಸಿಕ್ಕಿದರೂ ಹೀಗೆ ಆಗುತ್ತದೆ.

ಇನ್ನೊಂದು ಗುರುತು ಹೆಚ್ಚು ಜನರಿಗೆ ಗೊತ್ತಿಲ್ಲ. ರೋಲರ್ ನಿಂತಿದ್ದ ಜಾಗದಲ್ಲಿ ಸಣ್ಣ ಸುಟ್ಟ ಗೆರೆಗಳು. ಗಾಡಿಯ ಬಾಡಿಯ ಮೇಲೆ ಕಬ್ಬಿಣ ಏರಿಸಲು ವೆಲ್ಡಿಂಗ್ ಮಾಡಿಸಿದ್ದೀರಾ ಎಂದು ಆಗ ಕೇಳುತ್ತೇನೆ. ಅರ್ತ್ ಕ್ಲಾಂಪನ್ನು ದೂರದಲ್ಲಿ, ಚಕ್ರದ ಕಡೆ ಎಲ್ಲೋ ಸಿಕ್ಕಿಸಿದರೆ ಕರೆಂಟ್ ಬೇರಿಂಗ್ ದಾಟಿ ಹೋಗಿ ಸುಡುತ್ತದೆ. ವೆಲ್ಡ್ ಮಾಡುವ ಜಾಗದ ಪಕ್ಕದಲ್ಲೇ ಕ್ಲಾಂಪ್ ಹಾಕಿಸಿ, ಬ್ಯಾಟರಿ ತಂತಿ ಬಿಚ್ಚಿಸಿ.

ಕಪ್ ಅಥವಾ ರೋಲರಿನ ಮೈ ಗಾರೆಯಂತೆ ಚಕ್ಕೆ ಎದ್ದಿದ್ದು, ಮೇಲಿನ ಯಾವ ಗುರುತೂ ಇಲ್ಲದಿದ್ದರೆ ದಣಿವು, ಅಂದರೆ ಭಾರ. ರೋಲರ್ ಬೇರಿಂಗಿನ ಆಯುಸ್ಸನ್ನು ಭಾರದ 10/3ನೇ ಘಾತಕ್ಕೆ ಲೆಕ್ಕ ಹಾಕುತ್ತಾರೆ. ಬೇರಿಂಗಿನ ಮೇಲಿನ ಭಾರ ಶೇ. 20 ಹೆಚ್ಚಾದರೆ ಆಯುಸ್ಸು ಅರ್ಧಕ್ಕಿಂತ ಸ್ವಲ್ಪ ಮೇಲಕ್ಕೆ ಇಳಿಯುತ್ತದೆ, ಶೇ. 50 ಹೆಚ್ಚಾದರೆ ಕಾಲು ಭಾಗಕ್ಕೆ, ಎರಡು ಪಟ್ಟಾದರೆ ಹತ್ತನೇ ಒಂದಕ್ಕೆ. ಪಿಕಪ್‌ನ ಓವರ್‌ಲೋಡ್ ಹೆಚ್ಚಾಗಿ ಹಿಂದಿನ ಆಕ್ಸಲ್ ಮೇಲೆ ಬೀಳುತ್ತದೆ ನಿಜ. ಆದರೆ ಮೂಟೆಗಳನ್ನು ಕ್ಯಾಬಿನ್ ಬೆನ್ನಿಗೆ ಒತ್ತಿ ಪೇರಿಸಿ, ಕ್ಯಾಬಿನ್ ಮೇಲೂ ಹೇರಿ, ಘಾಟಿ ಇಳಿಯುತ್ತಾ ಬ್ರೇಕ್ ಹಿಡಿದರೆ ಭಾರವೆಲ್ಲ ಮುಂದಕ್ಕೆ ಬರುತ್ತದೆ. ಅಂದಕ್ಕೆಂದು ಹಾಕುವ ಹೊರಚಾಚಿದ ರಿಮ್ಮು, ಸ್ಪೇಸರುಗಳೂ ಅಷ್ಟೇ. ಚಕ್ರ ಹೊರಗೆ ಹೋದಷ್ಟೂ ಬೇರಿಂಗಿನ ಮೇಲೆ ಸನ್ನೆಕೋಲಿನ ಹಾಗೆ ಒತ್ತಡ ಏರುತ್ತದೆ. ಇವನ್ನು ತೆಗೆಸಿಬಿಡಿ ಎಂಬುದು ನನ್ನ ನೇರ ಮಾತು.

ನಕಲಿ ಮಾಲು ಮಾರುಕಟ್ಟೆಯಲ್ಲಿ ಇದೆ. ಬಿಲ್ ಕೊಡುವ ಅಧಿಕೃತ ಡೀಲರ್ ಬಳಿ ಕೊಳ್ಳಿ. ಎಸ್‌ಕೆಎಫ್ ಬೇರಿಂಗ್ ಆದರೆ ಅವರದೇ ಎಸ್‌ಕೆಎಫ್ ಅಥೆಂಟಿಕೇಟ್ ಎಂಬ ಆ್ಯಪ್ ಮೂಲಕ ಫೋಟೊ ಕಳಿಸಿ ವಿಚಾರಿಸಬಹುದು.

ಮತ್ತೆ ಕೂರಿಸುವಾಗ

ಕಪ್ ಮತ್ತು ಕೋನ್ (ರೋಲರುಗಳಿರುವ ಒಳ ಉಂಗುರ) ಜೋಡಿಯಾಗಿಯೇ ಬದಲಿಸಿ, ಹಳೆಯ ಕಪ್ಪಿಗೆ ಹೊಸ ಕೋನ್ ಬೇಡ. ತೊಳೆದ ಹಬ್ಬಿನಲ್ಲಿ ಸೀಮೆಎಣ್ಣೆ ಉಳಿದರೆ ಗ್ರೀಸ್ ತೆಳುವಾಗುತ್ತದೆ, ಪೂರ್ತಿ ಒಣಗಿಸಿ. ಒಣಗಿಸಲು ಏರ್ ಹಿಡಿದು ಬೇರಿಂಗನ್ನು ಗಿರ್ರನೆ ತಿರುಗಿಸುವ ಚಟ ಕೆಲವರಿಗಿದೆ. ರೋಲರ್ ಸಿಡಿದು ಕಣ್ಣಿಗೆ ಬಿದ್ದರೆ ಕಣ್ಣೇ ಹೋಗುತ್ತದೆ. ಕಪ್ ಹೊಡೆಯುವಾಗ ಕನ್ನಡಕ ಹಾಕಿಕೊಳ್ಳಿ, ಹಿತ್ತಾಳೆ ಡ್ರಿಫ್ಟ್ (ಹೊಡೆಯುವ ಸರಳು) ಬಳಸಿ, ಸುತ್ತ ಸಮನಾಗಿ ಹೊಡೆಯಿರಿ. ಮೊದಲು ಡಬ್ ಡಬ್ ಎನ್ನುವ ಸದ್ದು ಕಪ್ ತಳ ಮುಟ್ಟಿದ ಕೂಡಲೇ ಟಣ್ ಎಂದು ಗಟ್ಟಿಯಾಗುತ್ತದೆ. ಆ ಟಣ್ ಬರುವವರೆಗೆ ನಿಲ್ಲಿಸಬೇಡಿ.

ಗ್ರೀಸ್ ವಿಷಯದಲ್ಲಿ ಚಾಸಿ ಗ್ರೀಸ್ ಬೇರೆ, ವೀಲ್ ಬೇರಿಂಗ್ ಗ್ರೀಸ್ ಬೇರೆ. ಅಗ್ಗದ ಕ್ಯಾಲ್ಸಿಯಂ ಚಾಸಿ ಗ್ರೀಸ್ ಕುದಿಯುವ ನೀರಿನ ಬಿಸಿಯ ಆಸುಪಾಸಿನಲ್ಲೇ ಕರಗಿ ಹರಿಯಬಹುದು. ಲಿಥಿಯಂ ಕಾಂಪ್ಲೆಕ್ಸ್ ಗ್ರೀಸ್ ಇನ್ನೂರು ಡಿಗ್ರಿ ದಾಟಿದರೂ ಕರಗುವುದಿಲ್ಲ. ಹಳೆಯ ಗ್ರೀಸ್ ಪೂರ್ತಿ ತೆಗೆದೇ ಹೊಸದು ಹಾಕಿ, ಬೇರೆ ಬೇರೆ ಜಾತಿ ಬೆರೆತರೆ ನೀರಾಗುವುದುಂಟು. ಅಂಗೈ ಮೇಲೆ ಗ್ರೀಸ್ ಇಟ್ಟು ಕೋನಿನ ದಪ್ಪ ಬಾಯನ್ನು ಅದಕ್ಕೆ ಒತ್ತುತ್ತಾ ಹೋಗಿ, ಸಣ್ಣ ಬಾಯಿಯಿಂದ ಗ್ರೀಸ್ ಎದ್ದು ಬರಬೇಕು. ಹಬ್ಬಿನ ಹೊಟ್ಟೆ ಪೂರ್ತಿ ತುಂಬಬೇಡಿ, ಮೂರನೇ ಒಂದರಿಂದ ಅರ್ಧ ಸಾಕು. ಹೆಚ್ಚಾದ ಗ್ರೀಸ್ ಕಡೆದು ಕಡೆದು ಕಾವೇರುತ್ತದೆ.

ನಟ್ಟು ಬಿಗಿಯುವುದು ಕಡೆಯ ಕೆಲಸ, ಅಷ್ಟೇ ಎಚ್ಚರದ ಕೆಲಸ. ಇಂಪ್ಯಾಕ್ಟ್ ಗನ್ ದೂರ ಇಡಿ. ಹೆಚ್ಚಿನ ಗಾಡಿಗಳ ಕ್ರಮ ಇದು: ಹಬ್ ತಿರುಗಿಸುತ್ತಲೇ ಪಾನಾದಲ್ಲಿ ಬಿಗಿದು ಬೇರಿಂಗ್ ಕೂರಿಸಿ, ನಟ್ಟನ್ನು ಪೂರ್ತಿ ಸಡಿಲ ಮಾಡಿ, ಆಮೇಲೆ ಬರೀ ಬೆರಳಿನಲ್ಲಿ ತಾಗುವಷ್ಟು ತಿರುಗಿಸಿ. ಪಿನ್ನಿನ ತೂತು ಹೊಂದದಿದ್ದರೆ ಬಿಗಿಯುವ ಬದಲು ಚೂರು ಸಡಿಲಿಸಿ ಹೊಂದಿಸಿ. ಡಯಲ್ ಗೇಜಿನಲ್ಲಿ ಅಳೆದರೆ ಸುಮಾರು 0.03ರಿಂದ 0.13 ಮಿಲಿಮೀಟರ್ ಆಟ ಸಾಮಾನ್ಯ. ಕೆಲವು ಮಾಡೆಲುಗಳಿಗೆ ಆಟವೇ ಇರಬಾರದು, ಸ್ಪ್ರಿಂಗ್ ತಕ್ಕಡಿಯ ಕೊಂಡಿ ಹಾಕಿ ಎಳೆದು ಬಿಗಿ ಅಳೆಯಬೇಕು. ಆದ್ದರಿಂದ ನಿಮ್ಮ ಗಾಡಿಯ ಸರ್ವಿಸ್ ಪುಸ್ತಕ ಹೇಳಿದ್ದೇ ಕೊನೆಯ ಮಾತು. ಸ್ಪ್ಲಿಟ್ ಪಿನ್ ಪ್ರತಿ ಸಲ ಹೊಸದು. ಈ ಕೆಲಸದ ಹೊತ್ತಿನಲ್ಲಿ ಕ್ಯಾಲಿಪರನ್ನು ಹೋಸಿನಲ್ಲಿ ನೇತಾಡಲು ಬಿಡದೆ ತಂತಿಯಲ್ಲಿ ಕಟ್ಟಿ.

ಹಬ್ ಒಂದೇ ತುಂಡಿನದಾದರೆ

ಇಲ್ಲಿ ಹೊಂದಾಣಿಕೆಯೂ ಇಲ್ಲ, ಗ್ರೀಸ್ ತುಂಬುವುದೂ ಇಲ್ಲ. ಆಟ ಅಥವಾ ಗೊರಗೊರ ಸಿಕ್ಕಿದರೆ ಬದಲಿಸುವುದೊಂದೇ ದಾರಿ. ಆಕ್ಸಲ್ ನಟ್ಟನ್ನು ಟಾರ್ಕ್ ಪಾನಾದಲ್ಲಿ ಪುಸ್ತಕದ ಅಳತೆಗೆ ಬಿಗಿಯುವ ತನಕ ಚಕ್ರವನ್ನು ನೆಲಕ್ಕೆ ಇಳಿಸಿ ಗಾಡಿ ಸರಿಸಬೇಡಿ, ಹೊಸ ಬೇರಿಂಗ್ ಅಲ್ಲೇ ಹಾಳಾಗಬಹುದು. ಪ್ರೆಸ್‌ನಲ್ಲಿ ಕೂರಿಸುವ ಬೇರಿಂಗ್ ಆದರೆ ನಕಲ್ಲಿಗೆ ಒತ್ತುವಾಗ ಹೊರ ರೇಸ್ (ಹೊರ ಉಂಗುರ) ಮೇಲೆ ಮಾತ್ರ ಒತ್ತಡ ಬೀಳಬೇಕು. ಪ್ರೆಸ್ ಇಲ್ಲದ ಗ್ಯಾರೇಜಿನಲ್ಲಿ ಸುತ್ತಿಗೆಯಿಂದ ಮಾಡಿಸಬೇಡಿ. ಕೆಲವು ಬೇರಿಂಗ್‌ಗಳ ಒಂದು ಸೀಲಿನಲ್ಲಿ ಎಬಿಎಸ್ ಮ್ಯಾಗ್ನೆಟ್ ಇರುತ್ತದೆ, ತಿರುಗುಮುರುಗಾದರೆ ದೀಪ ಹತ್ತಿಯೇ ಇರುತ್ತದೆ.

ಗಾಡಿಯನ್ನು ಅಲ್ಲೇ ನಿಲ್ಲಿಸಬೇಕಾದ ಹೊತ್ತು

ಗುಂಯ್ ಎನ್ನುತ್ತಿದ್ದದ್ದು ಕರಕರ ಆಯಿತು, ಚಕ್ರ ಓಲಾಡುವುದು ಕಣ್ಣಿಗೆ ಕಾಣುತ್ತಿದೆ, ಹಬ್ಬಿನಿಂದ ಸುಟ್ಟ ಗ್ರೀಸಿನ ವಾಸನೆ ಅಥವಾ ಹೊಗೆ, ಪೆಡಲ್ ಆಳಕ್ಕೆ ಇಳಿಯುತ್ತಿದೆ. ಇವುಗಳಲ್ಲಿ ಒಂದು ಕಂಡರೂ ಮುಂದಿನ ಊರಿನವರೆಗೆ ಎಂದು ಹೊರಡಬೇಡಿ. ಬೇರಿಂಗ್ ಪೂರ್ತಿ ಒಡೆದರೆ ಸ್ಟಬ್ ಆಕ್ಸಲ್ ಕೊರೆದು ಚಕ್ರವೇ ಕಳಚಬಹುದು. ಕಾದ ಹಬ್ಬಿಗೆ ನೀರು ಸುರಿಯದೆ ತಾನಾಗಿ ತಣಿಯಲು ಬಿಡಿ, ಮುಂಭಾಗ ಎತ್ತಿ ಟೋ ಮಾಡಿಸಿ. ಸ್ಟಬ್ ಆಕ್ಸಲ್ ಮೇಲೆ ನೀಲಿ ಬಣ್ಣ, ಬಿರುಕು ಅಥವಾ ಬೇರಿಂಗ್ ಕೂರುವ ಜಾಗದಲ್ಲಿ ಸವೆತ ಕಂಡರೆ ಅದನ್ನು ಬದಲಿಸಲೇಬೇಕು. ವೆಲ್ಡ್ ತುಂಬಿ ಲೇತ್‌ನಲ್ಲಿ ಕಡೆಸಿಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ಹೊಸ ಬೇರಿಂಗ್ ಹಾಕಿ ಐನೂರು ಕಿಲೋಮೀಟರ್ ಆದ ಮೇಲೆ ಒಮ್ಮೆ ಚಕ್ರ ಎತ್ತಿ 12–6ರಲ್ಲಿ ಅಲ್ಲಾಡಿಸಿ, ಹಬ್ಬಿನ ಕಾವು ಇನ್ನೊಂದು ಕಡೆಗೆ ಹೋಲಿಸಿ. ಹಳೆಯ ಕೋನನ್ನೂ ಕಪ್ಪನ್ನೂ ಹೊಸದರ ಪೊಟ್ಟಣಕ್ಕೇ ಹಾಕಿ, ಮೇಲೆ ಯಾವ ಚಕ್ರ, ಒಳಗಿನದೋ ಹೊರಗಿನದೋ, ಮೀಟರ್ ಎಷ್ಟಿತ್ತು ಎಂದು ಬರೆದು ಸೀಟಿನ ಕೆಳಗೆ ಇಟ್ಟುಕೊಳ್ಳಿ. ಮುಂದೆ ಅದೇ ಚಕ್ರ ಕೂಗಿದರೆ ಗಾಡಿಯ ಜೊತೆ ಆ ಪೊಟ್ಟಣವನ್ನೂ ಮೆಕ್ಯಾನಿಕ್ ಕೈಗೆ ಕೊಡಿ.